ಅವ್ವನ ಮೊಸರು ಹುಳಿಯಾದ ಬೇಸಿಗೆ

“ಬ್ಯಾಸಿಗಿ ಅಂದ ಮ್ಯಾಲ ಬಿಸಿಲು ಇರೂದ. ಹಿಂದೂ ಹಿಂಗ ಇತ್ತು” ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಮಾತನ್ನು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೇನೆ, ನಾನು ಕಲಿಸುವ ಶಿರಹಟ್ಟಿಯ ಶಾಲೆಯಲ್ಲಿ ಕೇಳಿದ್ದೇನೆ, ಮುಂಡರಗಿಯ ಬೀಗರ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಕೇಳಿದ್ದೇನೆ. ಹೇಳುವವರು ಸಾಮಾನ್ಯವಾಗಿ ಫ್ಯಾನಿನ ಕೆಳಗೇ ಕುಳಿತಿರುತ್ತಾರೆ. ಅವರಿಗೆ ಅದು ಹೊತ್ತು ಕಳೆಯುವ ಮಾತು. ನನ್ನ ಅವ್ವನಿಗೆ ಮಾತ್ರ ಅದೇ ಮಾತಿನಿಂದ ಮೋಸಗಾತಿ ಎಂಬ ಹೆಸರು ಬಂತು.

ಅವ್ವ ಅಂತೂರ ಬೆಂತೂರಿನಿಂದ ಗದಗಿಗೆ ಮೊಸರು ತಂದು ಮಾರುವವಳು. ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ಅವಳಿಗೆ ಗೊತ್ತಿರುವುದು ಅದೊಂದೇ ಕೆಲಸ. ಎರಡು ಎಮ್ಮೆ, ಬುಟ್ಟಿಯಲ್ಲಿ ನಾಲ್ಕು ಗಡಿಗೆ, ಬೆಳಗಿನ ಮೊದಲ ಬಸ್ಸು. ಗಡಿಗೆ ಬೋರಲು ಹಾಕಿದರೂ ಬೀಳದಂಥ ಮೊಸರು ಅವಳದು. ನಾನು ಓದಿ ಟೀಚರ್ ಆಗಿದ್ದು ಆ ಮೊಸರಿನಿಂದಲೇ. ಕೈ ಕೆಸರಾದರೆ ಬಾಯಿ ಮೊಸರು ಎಂದು ಶಾಲೆಯ ಗೋಡೆಗೆ ನಾನೇ ಬರೆಸಿದ್ದೇನೆ. ಗಾದೆ ಕಟ್ಟಿದ ಪುಣ್ಯಾತ್ಮ ಮೊಸರು ಮಾರಿದವನಲ್ಲ ಎಂದು ಈಗ ಅನ್ನಿಸುತ್ತದೆ.

ಅವ್ವನಿಗೆ ಗಡಿಯಾರ, ಕ್ಯಾಲೆಂಡರ್ ಏನೂ ಬೇಕಿರಲಿಲ್ಲ. ಚಳಿಗಾಲದಲ್ಲಿ ದೀಪ ಹಚ್ಚುವ ಹೊತ್ತಿಗೆ ಹೆಪ್ಪು ಹಾಕಬೇಕು, ಬೇಸಿಗೆಯಲ್ಲಿ ಉಂಡು ಪಾತ್ರೆ ತೊಳೆದ ಮೇಲೆ ಹಾಕಬೇಕು. ಹಾಲು ಕೂಸಿನ ಮೈಯಷ್ಟು ಬೆಚ್ಚಗಿರಬೇಕು. ಇಷ್ಟೇ ಲೆಕ್ಕ. ನಾನು ಚಿಕ್ಕವಳಿದ್ದಾಗ ಬಿಸಿಲು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಮಟಮಟ ಮಧ್ಯಾಹ್ನ ಕಾಲಿಗೆ ಚಪ್ಪಲಿ ಇಲ್ಲದೆ ಕರಿ ಹೊಲ ದಾಟಿದವಳು ನಾನು, ನನಗೆ ಯಾರೂ ಬಿಸಿಲಿನ ಪಾಠ ಹೇಳಬೇಕಿಲ್ಲ. ಆದರೆ ಆ ಬಿಸಿಲಿಗೆ ಒಂದು ಮರ್ಯಾದೆ ಇತ್ತು. ಹೊತ್ತು ಮುಳುಗಿದ ಮೇಲೆ ಪಡುವಣ ಗಾಳಿ ಬೀಸುತ್ತಿತ್ತು, ಅಂಗಳಕ್ಕೆ ನೀರು ಚಿಮುಕಿಸಿದರೆ ನೆಲ ತಣ್ಣಗಾಗುತ್ತಿತ್ತು. ಕಾದು ಕಾದು ಇನ್ನಾಗದು ಎನ್ನುವಾಗ ಭರಣಿ ಮಳೆ ಬಂದು ನಾಲ್ಕು ದಿನ ಉಸಿರಾಡಲು ಬಿಡುತ್ತಿತ್ತು. ಈಗ ಬೆಳಗಿನ ಜಾವಕ್ಕೂ ನೆಲ ಬೆಚ್ಚಗೇ ಇರುತ್ತದೆ. ಭರಣಿ ಮಳೆ ಬಂದರೆ ಅರ್ಧ ತಾಸು ಆಣೆಕಲ್ಲು ಹೊಡೆದು ಹೋಗುತ್ತದೆ, ಮರುದಿನ ಹಬೆಯಲ್ಲಿ ಬೆಂದಂತಾಗುತ್ತದೆ. ಇದನ್ನು ‘ಹಿಂದೂ ಹಿಂಗ ಇತ್ತು’ ಎನ್ನುವವರ ನೆನಪಿನ ಶಕ್ತಿಗೆ ಏನು ಹೇಳಬೇಕೋ ತಿಳಿಯದು.

ಮಳೆಯ ಮೇಲೂ ನನಗೆ ಸಿಟ್ಟಿದೆ. ನಮ್ಮದು ಮಣ್ಣಿನ ಮಾಳಿಗೆ ಮನೆ. ಮೇಲೆ ತೊಲೆ, ಜಂತೆ, ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಅಪ್ಪ ಬಂಡಿಯಲ್ಲಿ ಮಣ್ಣು ತಂದು ಮಾಳಿಗೆಗೆ ಹಾಕಿ ತುಳಿಯುತ್ತಿದ್ದ. ಮೆಲ್ಲಗೆ ಬರುವ ಮಳೆಗೆ ಅಷ್ಟು ಸಾಕಾಗುತ್ತಿತ್ತು. ಅಪ್ಪ ತೀರಿಕೊಂಡು ಕೆಲವು ವರ್ಷಗಳ ಮೇಲೆ, ಹಿಂಗಾರಿ ಬಿತ್ತನೆ ಮುಗಿದ ಹೊತ್ತಿನಲ್ಲಿ, ಮಳೆ ಹೋಗಬೇಕಾದ ಕಾಲದಲ್ಲಿ, ಮೂರು ದಿನ ಬಿಡದೆ ಹೊಡೆಯಿತು. ಅಡುಗೆಮನೆಯ ಮೂಲೆ ಕುಸಿಯಿತು. ಅವ್ವ ಎಮ್ಮೆಯ ಕಡೆ ಹೋಗಿದ್ದರಿಂದ ಬದುಕಿದಳು. ನಾನು ಮರುದಿನವೇ ಬಂದು ಹಟ ಹಿಡಿದೆ. ಇನ್ನು ಮಣ್ಣಿನ ಸಹವಾಸ ಸಾಕು, ಮನೆಯನ್ನೆಲ್ಲ ಕೆಡವಿ ಸ್ಲ್ಯಾಬ್ ಹಾಕಿಸೋಣ ಎಂದೆ. ಅವ್ವ “ಒಂದು ಮೂಲಿ ಕಟ್ಟಿಸಿದ್ರ ಸಾಕವಾ” ಅಂದಳು. ನಾನು ಕೇಳಲಿಲ್ಲ. ಸ್ಲ್ಯಾಬ್ ಮನೆಯ ವಾಸ್ತುಶಾಂತಿಯ ದಿನ ಊರವರೆಲ್ಲ “ಮಗಳು ಇದ್ರ ಹಿಂಗಿರಬೇಕು” ಎಂದು ಹೊಗಳಿದರು. ನಾನೂ ಉಬ್ಬಿದೆ.

ಕಳೆದ ಬೇಸಿಗೆಯ ರಜೆಯಲ್ಲಿ ಅವ್ವನ ಮಂಡಿ ನೋವು ಹೆಚ್ಚಾಗಿತ್ತು. ಬುಟ್ಟಿ ಹೊರಲು ನಾನೂ ಅವಳ ಜೊತೆ ಗದಗಿಗೆ ಹೋದೆ. ಅವ್ವನ ಅತ್ಯಂತ ಹಳೆಯ ಗಿರಾಕಿ ಪೇಟೆಯ ಒಂದು ವ್ಯಾಪಾರಸ್ಥರ ಮನೆ. ಆ ಮನೆಯ ಯಜಮಾನಿಯನ್ನು ಅವ್ವ ‘ಅಕ್ಕಾರ’ ಎಂದು ಕರೆಯುತ್ತಾಳೆ. ಯಜಮಾನಿ ಬೆರಳಿನಿಂದ ಮೊಸರು ನೆಕ್ಕಿ ಮುಖ ಕಿವುಚಿದರು.

“ಏನವಾ ಮೊಸರಾಕಿ, ಮತ್ತ ಹುಳಿ ತಂದೀಯಲ್ಲ! ನಿನ್ನಿ ಉಳದದ್ದು ಕಲಸಾಕತ್ತೀ ಏನ?”

“ಇಲ್ರಿ ಅಕ್ಕಾರ, ನಿನ್ನಿ ರಾತ್ರಿ ಉಂಡ ಮ್ಯಾಲ ಹೆಪ್ಪು ಹಾಕಿದ್ದರಿ. ಬಿಸಿಲು ಭಾಳ ಐತ್ರಿ.”

“ಬಿಸಿಲು ಹಿಂದ ಇದ್ದಿದ್ದಿಲ್ಲೇನ? ಹಿಂದೂ ಹಿಂಗ ಇತ್ತು. ಆವಾಗ ಹೆಂಗ ಸಿಹಿ ಇರ್ತಿತ್ತು?”

ಅವರ ಬೆನ್ನ ಹಿಂದೆ ಏರ್‌ಕೂಲರ್ ಗೊರಗೊರ ಅನ್ನುತ್ತಿತ್ತು. ನನ್ನ ಬಾಯಿಗೆ ಬಂದ ಮಾತು ಆಡಿದ್ದರೆ ಆ ಓಣಿಯಲ್ಲಿ ಇನ್ನೊಂದು ಗಡಿಗೆ ಮಾರಾಟವಾಗುತ್ತಿರಲಿಲ್ಲ. ಅವ್ವ ನನ್ನ ಕೈ ಹಿಡಿದು ಒತ್ತಿದಳು. “ನನ್ನ ಕೈ ಕೆಟ್ಟೈತ್ರಿ ಅಕ್ಕಾರ, ವಯಸ್ಸಾತು. ನಾಳಿಗೆ ಚಲೋ ತರ್ತೀನ್ರಿ” ಎಂದು ಗಡಿಗೆಯನ್ನು ವಾಪಸು ಬುಟ್ಟಿಗೆ ಇಟ್ಟಳು. ಇಷ್ಟು ವರ್ಷಗಳಲ್ಲಿ ಅವ್ವನ ಗಡಿಗೆ ತುಂಬಿದ್ದು ತುಂಬಿದಂತೆ ಮನೆಗೆ ಮರಳಿದ್ದನ್ನು ನಾನು ನೋಡಿರಲಿಲ್ಲ. ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಬಯ್ಯುತ್ತಲೇ ಬಂದೆ. ಆ ಯಜಮಾನಿಯನ್ನು ಬಯ್ದೆ, ರಸ್ತೆ ಅಗಲ ಮಾಡಲು ಬೇವಿನ ಮರ ಕಡಿದವರನ್ನು ಬಯ್ದೆ, ಸುಮ್ಮನೆ ಬಯ್ಸಿಕೊಂಡ ಅವ್ವನನ್ನೂ ಬಯ್ದೆ. 

ಆ ರಾತ್ರಿ ಅವ್ವ ಹೆಪ್ಪನ್ನು ಹನಿಯಷ್ಟೇ ಹಾಕಿದಳು, ಅದೂ ಹೊತ್ತು ಮೀರಿಸಿ. ಗಡಿಗೆಗೆ ಒದ್ದೆ ಗೋಣಿತಟ್ಟು ಸುತ್ತಿ ಉಸುಕಿನ ಮೇಲೆ ಇಟ್ಟಳು. ಬೆಳಗಾದಾಗ ಅದು ಹಾಲೂ ಅಲ್ಲ, ಮೊಸರೂ ಅಲ್ಲ. ಅದನ್ನೇ ಗದಗಿಗೆ ಒಯ್ದಾಗ ಯಜಮಾನಿ ನಕ್ಕರು. “ಈಗ ನೀರು ಕಲಸೀ ಏನ? ನಾಳಿಯಿಂದ ನಾವು ಪಾಕೀಟ್ ಮೊಸರು ತರಸ್ತೀವಿ, ನೀ ತ್ರಾಸು ತಗೋಬ್ಯಾಡ” ಅಂದರು. ನೀರು ಕಲಸುವವಳು! ನನ್ನ ಅವ್ವ! ನಾನು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಇಳಿದಿದ್ದಳು.

ಮನೆಗೆ ಬಂದವಳೇ ನಾನು ಅವ್ವನ ಮೇಲೆ ಹರಿಹಾಯ್ದೆ. “ನಿನ್ನ ಕೈ ಕೆಟ್ಟೈತಿ ಅಂತ ನೀನ ಯಾಕ ಹೇಳ್ತಿ? ಬಿಸಿಲಿಂದು ತಪ್ಪು ಐತಿ ಅಂತ ಜೋರು ಮಾಡಿ ಹೇಳಾಕ ಏನಾಗೇತಿ ನಿನಗ?”

ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆ ಅವ್ವ ಮಗ್ಗಲ ಮನೆಗೆ ಹೋದಳು. ಆ ಮನೆಯ ದೊಡ್ಡವ್ವನದು ಇನ್ನೂ ಮಣ್ಣಿನ ಮಾಳಿಗೆ. ಬರುವಾಗ ಅವ್ವನ ಕೈಯಲ್ಲಿ ಒಂದು ಸಣ್ಣ ಗಡಿಗೆ ಇತ್ತು. ಮೊನ್ನೆಯ ಸಂಜೆಯ ಹಾಲಿನಲ್ಲೇ ಒಂದು ಪಾಲು ತೆಗೆದು, ಅದೇ ಹೆಪ್ಪು ಹಾಕಿ, ಅವರ ತೊಲೆಗೆ ತೂಗುಹಾಕಿದ ಹಗ್ಗದ ನೆಲುವಿನಲ್ಲಿ ಇಟ್ಟಿದ್ದಳಂತೆ. ತಿಂದು ನೋಡಿದೆ. ಎರಡು ರಾತ್ರಿ ಕಳೆದಿದ್ದರೂ ನಮ್ಮ ಮನೆಯ ಒಂದು ರಾತ್ರಿಯ ಮೊಸರಿಗಿಂತ ಸಿಹಿಯಾಗಿತ್ತು, ನಾನು ಚಿಕ್ಕವಳಿದ್ದಾಗ ತಿಂದ ಮೊಸರಿನ ಹಾಗೆ.

ನಾನು ಸುಮ್ಮನೆ ನಮ್ಮ ಅಡುಗೆಮನೆಯ ಗೋಡೆಗೆ ಕೈ ಇಟ್ಟೆ. ಹೊರಗೆ ಬಿಸಿಲು ಇಳಿದು ಎಷ್ಟೋ ಹೊತ್ತಾಗಿತ್ತು. ಗೋಡೆ ಆಗಷ್ಟೇ ಒಲೆಯಿಂದ ಇಳಿಸಿದ ಹಂಚಿನಂತಿತ್ತು. ತಲೆಯ ಮೇಲಿನ ಸ್ಲ್ಯಾಬ್ ಹಗಲೆಲ್ಲ ಕುಡಿದ ಬಿಸಿಯನ್ನು ಕೆಳಗೆ ಬಿಡುತ್ತಲೇ ಇತ್ತು.

“ಗೊತ್ತಿತ್ತೇನವಾ ನಿನಗ?”

“ಮೊದಲ ಬ್ಯಾಸಿಗಿಗೇ ಗೊತ್ತಾತು.”

“ಮತ್ತ ದಿನಾ ದೊಡ್ಡವ್ವನ ಮನ್ಯಾಗ ಇಡಬೇಕಿಲ್ಲ?”

“ದಿನಾ ಮಂದಿ ಮನ್ಯಾಗ ಇಟ್ರ ಊರಾಗ ಯಾಕಂತ ಕೇಳ್ತಾರ. ಏನಂತ ಹೇಳಲಿ? ನನ್ನ ಮಗಳು ಕಟ್ಟಿಸಿದ ಮನಿ ಕೆಲಸಕ್ಕ ಬರಂಗಿಲ್ಲ ಅನ್ನಲೇನು?”

ಬಿಸಿಲು ಹೆಚ್ಚಾಗಿದ್ದು ಸುಳ್ಳಲ್ಲ, ಮಳೆ ದಾರಿ ತಪ್ಪಿದ್ದೂ ಸುಳ್ಳಲ್ಲ. ಆದರೆ ಆ ಬಿಸಿಲನ್ನು ತಡೆಯುತ್ತಿದ್ದ ಮಣ್ಣನ್ನು ಮೂಲೆ ಬಿಡದೆ ಕೆರೆದು ಹಾಕಿಸಿದವಳು ನಾನು. ಅವ್ವ ನನ್ನ ಹೆಸರು ಉಳಿಸಲು ತನ್ನ ಹೆಸರು ಕೆಡಿಸಿಕೊಂಡಿದ್ದಳು. ನನಗೆ ಆ ಹೊತ್ತು ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ.

ಅವ್ವ ಬೇಡ ಅಂದರೂ ಆ ರಾತ್ರಿ ದೊಡ್ಡವ್ವನ ನೆಲುವಿನಲ್ಲಿ ಗಡಿಗೆ ಇಟ್ಟು, ಬೆಳಿಗ್ಗೆ ನಾನೊಬ್ಬಳೇ ಗದಗಿಗೆ ಹೋದೆ. ಯಜಮಾನಿ ಮೊದಲು ಬೇಡವೆಂದರು. ಒಂದು ಬೆರಳು ನೆಕ್ಕಿದ ಮೇಲೆ ಮುಖ ಅರಳಿತು.

“ಹಾಂ, ಇದು ನೋಡು ಮೊಸರು! ಕಲಸೂದು ಬಿಟ್ಟ ಕೂಡಲೇ ಹೆಂಗ ಆತು ನೋಡು. ನಾ ಹೇಳಿದ್ದು ಖರೆ ಆತಿಲ್ಲ?”

ಸಿಹಿ ಮೊಸರೇ ಅವ್ವನ ವಿರುದ್ಧ ಸಾಕ್ಷಿ ಹೇಳಿಬಿಟ್ಟಿತು. ನಾನು ಬುಟ್ಟಿಯನ್ನು ಅವರ ಪಡಸಾಲೆಯಲ್ಲೇ ಇಳಿಸಿದೆ. ಮೇಲೆ ನೋಡಿದೆ. ಅವರ ಹಿರಿಯರು ಕಟ್ಟಿಸಿದ ಮನೆ. ದಪ್ಪ ಸಾಗವಾನಿ ತೊಲೆ, ಅದರ ಮೇಲೆ ಹಳೆಯ ಮಣ್ಣು. ಹಿಂದೂ ಹಿಂಗೇ ಇತ್ತು ಎಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

“ಅಕ್ಕಾರ, ನಮ್ಮವ್ವ ಎಂದೂ ಕಲಸಿಲ್ರಿ. ಆಕಿ ಕೈ ಕೆಟ್ಟಿಲ್ಲ. ನಾ ಕಟ್ಟಿಸಿದ ಮನಿ ಕೆಟ್ಟೈತ್ರಿ. ಸ್ಲ್ಯಾಬಿನ ಕೆಳಗ ಮೊಸರು ನಿಲ್ಲವಲ್ದು. ನಿಮ್ಮ ತಲಿ ಮ್ಯಾಲ ಮಣ್ಣು ಐತಿ, ಅದಕ್ಕ ನಿಮಗ ಬಿಸಿಲು ಗೊತ್ತಾಗವಲ್ದು.”

ಯಜಮಾನಿ ಒಮ್ಮೆ ತೊಲೆಯ ಕಡೆ ನೋಡಿದರು. ಪಾತ್ರೆ ತಂದು ಗಡಿಗೆ ಖಾಲಿ ಮಾಡಿಕೊಂಡರು.

ಮನೆಗೆ ಬಂದು ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿದೆ. ಉಳಿದದ್ದು ಕಲಸುವವಳು ಅಂದಾಗ, ನೀರು ಕಲಸುವವಳು ಅಂದಾಗ ದನಿಯನ್ನೇ ಏರಿಸದ ಅವ್ವ ಈಗ ಎದ್ದು ನಿಂತಳು. “ಮಂದಿ ಮನಿ ಪಡಸಾಲ್ಯಾಗ ನಿಂತು ನನ್ನ ಮಗಳ ಮನಿಗೆ ಹೆಸರು ಇಡಾಕ ನೀ ಯಾರು?” ಎಂದು ಬಯ್ದಳು. ಆ ರಾತ್ರಿ ಹೆಪ್ಪು ಹಾಕಿದ ಗಡಿಗೆಯನ್ನು ನಮ್ಮ ಸ್ಲ್ಯಾಬಿನ ಕೆಳಗೇ ಇಟ್ಟಳು.