ಲಿಂಗಧಾರಣೆಗೆ ಅತ್ತಿವೇರಿಗೆ

೧೯೬೩ರ ಡಿಸೆಂಬರ್ ೭, ಶನಿವಾರ. ಬೆಳಗಿನ ಏಳರ ಬಸ್ಸಿಗೆ ನಾನು, ಅಣ್ಣ ಈರಪ್ಪ, ಅವನ ಹೆಂಡತಿ ಗಂಗವ್ವ ವೈನಿ ದಾಂಡೇಲಿ ಬಿಟ್ಟೆವು. ಕಾಳಿ ನದಿಯ ಮೇಲೆ ದಟ್ಟ ಮಂಜು. ಹಿಂದಿನ ವರ್ಷ ಚೀನಾ ಗಡಿಯ ಯುದ್ಧದಲ್ಲಿ ಅಣ್ಣನ ಎರಡೂ ಕೈ ಮೊಣಕೈವರೆಗೆ ಹೋಗಿದ್ದವು. ಕೊರಳಲ್ಲಿದ್ದ ಇಷ್ಟಲಿಂಗವೂ ಅಲ್ಲೇ ಕಳೆದಿತ್ತು. ಹೊಸದನ್ನು ಕಟ್ಟಿಸಿಕೊಳ್ಳಲು ಆತ ಒಪ್ಪಿರಲಿಲ್ಲ. ಮಗ ಲಿಂಗ ಧರಿಸುವವರೆಗೆ ಒಂದೇ ಹೊತ್ತು ಉಣ್ಣುತ್ತೇನೆಂದು ಹಟ ಹಿಡಿದ ಅವ್ವ ಸೊರಗಿ ಹಾಸಿಗೆ ಹಿಡಿದಿದ್ದಳು.

"ಅವ್ವನ ಸಲುವಾಗಿ ಬರ್ತೇನಿ. ಕಟ್ಟಿಸ್ಕೋತೇನಿ ಅಂತ ಮಾತ್ರ ತಿಳೀಬ್ಯಾಡ್ರಿ," ಎಂದು ಹೇಳಿಯೇ ಅಣ್ಣ ಹೊರಟಿದ್ದ.

ಹಳಿಯಾಳಕ್ಕೆ ತಲೆಗೆ ಎಪ್ಪತ್ತು ಪೈಸೆ. ಅಣ್ಣನ ಗುರುತಿದ್ದ ಕಂಡಕ್ಟರ್, "ಮಿಲಿಟ್ರಿಯವರ ಕಡೆ ರೊಕ್ಕ ಬ್ಯಾಡ್ರಿ," ಎಂದ.

"ಹಂಗ ಬ್ಯಾಡ. ಅರ್ಧಾ ಟಿಕೀಟ ಕೊಡ್ರಿ, ಅರ್ಧಾ ಮನಷ್ಯಾ ಅದೇನಿ," ಎಂದ ಅಣ್ಣ.

"ಇವರ ಬಾಯಿ ಪೂರಾ ಐತ್ರಿ. ಪೂರಾ ಟಿಕೀಟ ಹರೀರಿ," ಎಂದರು ವೈನಿ. ಬಸ್ಸಿನವರೆಲ್ಲ ನಕ್ಕರು, ಅಣ್ಣನೂ ನಕ್ಕ.

ಹಳಿಯಾಳದಲ್ಲಿ ಬಸ್ಸು ಬದಲಿಸಿ, ಕಲಘಟಗಿ, ತಡಸದ ಮೇಲೆ ಮುಂಡಗೋಡ ತಲುಪಿದಾಗ ಮಧ್ಯಾಹ್ನವಾಗಿತ್ತು. ಸ್ಟ್ಯಾಂಡಿನ ಕಟ್ಟೆಯ ಮೇಲೆ ವೈನಿ ಬುತ್ತಿ ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಅಣ್ಣನ ಬಾಯಿಗಿಟ್ಟರು. ಸುತ್ತ ಜನ ನಿಂತು ನೋಡಿದರು. "ಇವರ್ಯಾರೂ ಉಂಡಿಲ್ಲೇನು?" ಎಂದು ಅಣ್ಣ ಗೊಣಗಿದ. ಮುಂದೆ ಅತ್ತಿವೇರಿಗೆ ಒಂಬತ್ತು ಮೈಲಿ ಎತ್ತಿನ ಬಂಡಿ. ದಾರಿಯಲ್ಲಿ ತಗ್ಗು ಬಂದಾಗಲೆಲ್ಲ ವೈನಿ ಅಣ್ಣನ ನಡು ಹಿಡಿಯುತ್ತಿದ್ದರು.

ನಮ್ಮ ಮನೆತನದ ಗುರುಗಳಾದ ಮುಪ್ಪಿನ ಅಯ್ಯನವರು ಅಲ್ಲಿನ ಮಠದ ಪಡಸಾಲೆಯಲ್ಲಿ ಕುಳಿತಿದ್ದರು. ಅಣ್ಣ ನಿಂತೇ ಕೇಳಿದ: "ಲಿಂಗಾ ಎಡ ಅಂಗೈಯಾಗ ಇಟ್ಟು ಪೂಜಿ ಮಾಡಬೇಕಂತೀರಿ. ಅಂಗೈ ಇಲ್ಲದಾವ ಎಲ್ಲಿಡಬೇಕ್ರಿ, ಅಜ್ಜಾರ?"

"ವೈನಿ ಹಿಡೀಬಹುದೇನ್ರಿ?" ಎಂದೆ ನಾನು.

"ಒಬ್ಬರ ಲಿಂಗ ಇನ್ನೊಬ್ಬರ ಕೈಯಾಗ ಹೋಗಬಾರದು, ತಮ್ಮಾ. ಅದು ನೇಮ," ಎಂದರು ಅಯ್ಯನವರು.

ಬಾಗಿಲ ಬಳಿ ನಿಂತಿದ್ದ ವೈನಿ ಮುಂದೆ ಬಂದರು. "ಇವರ ಮಾರಿ ತೊಳಿಯೂವು, ಉಣಸೂವು, ಧೋತರಾ ಉಡಸೂವು ಯಾರ ಕೈ ರಿ? ಇವು ಇವರವಽ ಆಗ್ಯಾವ. ಇನ್ನೊಬ್ಬರವು ಹೆಂಗ ಆದಾವು?"

ಅಯ್ಯನವರು ಆಕೆಯ ಕೈಗಳನ್ನೇ ನೋಡಿದರು. "ನೇಮಾ ಮಾಡಿದವರು ಇಂಥಾದ್ದು ನೋಡಿರಲಿಕ್ಕಿಲ್ಲ. ನಾ ಕೊಡ್ತೇನಿ. ತಗೊಳ್ಳೂದು ಬಿಡೂದು ಇವಂದು."

ಅಣ್ಣ ಮೆಲ್ಲಗೆ ಚಾಪೆಯ ಮೇಲೆ ಕುಳಿತ. "ಬಾ, ಗಂಗವ್ವ. ಕುಂಡ್ರು," ಎಂದ.

ಡಿಸೆಂಬರ್ ೮, ರವಿವಾರ. ನಸುಕಿನ ಚಳಿಯಲ್ಲಿ ಇಬ್ಬರ ಸ್ನಾನವಾಯಿತು. ಅಯ್ಯನವರು ಅಣ್ಣನ ಹಣೆಗೆ ವಿಭೂತಿ ಹಚ್ಚಿ, ಅವನ ಲಿಂಗವನ್ನು ವೈನಿಯ ಎಡ ಅಂಗೈಯಲ್ಲಿಟ್ಟರು. ಆಕೆ ಅಣ್ಣನ ಮಗ್ಗುಲಿಗೆ ಒತ್ತಿ ಕುಳಿತು, ಅಂಗೈಯನ್ನು ಅವನ ಕಣ್ಣೆದುರಿಗೆ ಹಿಡಿದರು. ಸ್ವಲ್ಪ ಹೊತ್ತಿಗೆ ತೋಳು ನಡುಗತೊಡಗಿತು.

"ಅಲುಗಾಡಸಬ್ಯಾಡ," ಎಂದ ಅಣ್ಣ.

"ನಿಮ್ಮ ಕೈ. ನೀವಽ ಸಂಭಾಳಸ್ರಿ."

ಅಣ್ಣ ತನ್ನ ಮೋಟುಗೈಯನ್ನು ಆಕೆಯ ಮುಂಗೈ ಕೆಳಗೆ ಕೊಟ್ಟ. ನಡುಕ ನಿಂತಿತು. ಅವನು ಕಣ್ಣು ಕದಲಿಸದೆ ಲಿಂಗವನ್ನೇ ನೋಡುತ್ತ ಕುಳಿತ.

ಪೂಜೆ ಮುಗಿದ ಮೇಲೆ ಅಯ್ಯನವರು ಲಿಂಗವನ್ನು ಅಣ್ಣನ ಕೊರಳಿಗೆ ಕಟ್ಟಿ, ಇದ್ದು ಪ್ರಸಾದದ ಊಟ ಮಾಡಿಕೊಂಡು ಹೋಗಿರೆಂದರು. ಅಣ್ಣ ಆಗಲೇ ಅಂಗಳಕ್ಕೆ ಇಳಿದಿದ್ದ.

"ಬಂಡಿ ಹೂಡಸೋ ತಮ್ಮಾ, ಲಗೂ ಹೋಗೂಣು," ಎಂದ. "ರಾತ್ರಿ ಅವ್ವ ಉಣ್ಣಬೇಕು."