ಕಾಗೆಯ ಮೇಲಿನ ಆರೋಪ

ಹಳಿಯಾಳದ ನಮ್ಮ ಹಿತ್ತಲ ಗೋಡೆಯ ಮೇಲೆ ದಿನಾ ಬೆಳಿಗ್ಗೆ ಒಂದು ಕಾಗೆ ಬಂದು ಕೂಡುತ್ತದೆ. ಕತ್ತು ಓರೆ ಮಾಡಿ, ಶಾಲಾ ತಪಾಸಣಾಧಿಕಾರಿಯ ಗತ್ತಿನಲ್ಲಿ ಅಡಿಗೆಮನೆಯನ್ನು ದಿಟ್ಟಿಸಿ, ಏನನ್ನೂ ಮುಟ್ಟದೆ ಹಾರಿಹೋಗುತ್ತದೆ. ಈ ಕೊನೆಯ ಸಂಗತಿಯನ್ನು ದಯವಿಟ್ಟು ಗಮನಿಸಿರಿ; ಏಕೆಂದರೆ ನಮ್ಮ ಕಡೆ ಈ ಪಕ್ಷಿಯ ಮೇಲಿರುವ ಪ್ರಧಾನ ಆರೋಪವೇ ಮುಟ್ಟುವುದು. ತಿಂಗಳಿಗೆ ಮೂರು ದಿನ ಹೆಂಗಸರು ಮೂಲೆಯಲ್ಲಿ ಚಾಪೆ ಹಾಕಿ ಕೂತಾಗ, ಯಾಕೆಂದು ಕೇಳಿದ ಮಕ್ಕಳಿಗೆ ಸಿಗುತ್ತಿದ್ದ ಉತ್ತರ ಒಂದೇ: "ಕಾಗಿ ಮುಟ್ಟೇತಿ." ಊರಿನ ಇಷ್ಟೊಂದು ಹೆಂಗಸರನ್ನು ಸರದಿ ತಪ್ಪದೆ ಮುಟ್ಟಿಬರುವ ಆ ಕರ್ತವ್ಯನಿಷ್ಠೆಗೆ ನಾನು ಬಾಲ್ಯದಲ್ಲಿ ಬೆರಗಾದದ್ದುಂಟು.

ಮುಂದೆ ಸಂಸ್ಕೃತ ಕಲಿತೆ, ಹೈಸ್ಕೂಲಿನಲ್ಲಿ ಕಲಿಸಿದೆ. ರಜಸ್ವಲೆ, ಋತುಮತಿ, ಪುಷ್ಪವತಿ ಎಂದು ಪರ್ಯಾಯಪದಗಳ ಸಾಲೇ ನಾಲಗೆಯ ತುದಿಯಲ್ಲಿತ್ತು; ಆ ತುದಿಯಿಂದ ಒಂದಾದರೂ ಉದುರಲಿಲ್ಲ. ಹೆಂಡತಿ ವೇಣುಬಾಯಿಯ ಸಂಗಡ ಮೂವತ್ತು ವರ್ಷ ನಾನು ಕಾಗೆಯ ಭಾಷೆಯಲ್ಲಿಯೇ ಸಂಸಾರ ಮಾಡಿದೆ.

ಐವತ್ತರ ಹೊತ್ತಿಗೆ ಅವಳ ಕಾಗೆ ನಿವೃತ್ತಿ ಪಡೆಯಿತು. "ನಿಮಗಿಂತ ಮೊದಲ ಅದಕ್ಕ ಪೆನ್ಶನ್ ಆತು ನೋಡ್ರಿ" ಎಂದು ನಕ್ಕಳು. ತಿಂಗಳ ಮೂವತ್ತೂ ದಿನ ದೇವರಮನೆ ಅವಳದಾಯಿತು. ಉಪ್ಪಿನಕಾಯಿಯ ಭರಣಿ ಮುಟ್ಟಲು ದಿನ ನೋಡಬೇಕಿರಲಿಲ್ಲ. ಎರಡು ವರ್ಷ ಹೀಗೆ ಕಳೆದ ಮೇಲೆ, ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆಯ ಬೆಳಿಗ್ಗೆ, ಅವಳು ಚಾಪೆ ಎತ್ತಿಕೊಂಡು ಮತ್ತೆ ಮೂಲೆ ಸೇರಿದಳು. ಮನೆಗೆ ಯೌವನ ಮರಳಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಇದನ್ನು ಬರೆಯುವಾಗ ಕೈ ನಾಚುತ್ತದೆ, ಆದರೂ ಬರೆಯುತ್ತೇನೆ.

ಮರಳಿ ಬಂದ ಕಾಗೆಗೆ ಹಳೆಯ ಶಿಸ್ತಿರಲಿಲ್ಲ. ತಿಂಗಳಿಗೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ. ಒಮ್ಮೆ ಬರೀ ಒಂದು ಕಲೆ, ಒಮ್ಮೆ ಸೀರೆ ಬದಲಿಸುವಷ್ಟು. ಹೀಗಾಗಿ ನಮ್ಮೆದುರು ಗಹನವಾದ ಶಾಸ್ತ್ರಪ್ರಶ್ನೆಯೊಂದು ಎದ್ದಿತು: ಮೂರನೆಯ ದಿನ ನಿಂತದ್ದು ಐದನೆಯ ದಿನ ಮರಳಿದರೆ, ನಾಲ್ಕನೆಯ ದಿನದ ಸ್ನಾನ ಸಿಂಧುವೋ ಅಸಿಂಧುವೋ? ಅದನ್ನು ಹೊತ್ತು ಪುರೋಹಿತರ ಬಳಿ ಹೋದೆ. ಅವರು ಎರಡು ದಿನ ಗ್ರಂಥ ತಿರುವಿ, ಎಣಿಕೆಯನ್ನು ಪ್ರತಿ ಸಲವೂ ಹೊಸದಾಗಿ ಆರಂಭಿಸತಕ್ಕದ್ದೆಂದು ತೀರ್ಪಿತ್ತರು. ರಕ್ತ ಯಾಕೆ ಬರುತ್ತಿದೆ ಎಂಬ ಪ್ರಶ್ನೆ ಇಬ್ಬರು ಪಂಡಿತರಿಗೂ ಹೊಳೆಯಲಿಲ್ಲ. ವೇಣು ಸುಣ್ಣದಂತೆ ಬಿಳಿಚಿದಳು. ನಾನು ಸಾರು ಮಾಡುವುದನ್ನು ಕಲಿತೆ, ಓಣಿಯವರು ಇಂಥ ಗಂಡ ಸಿಗಬೇಕೆಂದು ಹೊಗಳಿದರು, ನಾನು ಒಪ್ಪಿಕೊಂಡೆ.

ನಮ್ಮಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದವಳು ಜೂಲಿಯಾನಾ, ಊರಾಚೆಯ ಸಿದ್ದಿ ಕೇರಿಯವಳು; ಅಕ್ಕನನ್ನು ಇಂಥದೇ ರಕ್ತಸ್ರಾವದಲ್ಲಿ ಕಳೆದುಕೊಂಡವಳು. ಒಂದು ದಿನ ಕೈಯ ಬೂದಿಯನ್ನೂ ತೊಳೆಯದೆ ನನ್ನ ಕುರ್ಚಿಯ ಮುಂದೆ ಬಂದು ನಿಂತಳು.

"ಮಾಸ್ತರ್ರ, ನಿಂತಿದ್ದು ಮತ್ತ ಬರಾಕ ಹತ್ತಿದ್ರ ಅದು ಕಾಗಿ ಅಲ್ರಿ. ಬಾಯಾರನ್ನ ಡಾಕ್ಟರಿಗೆ ತೋರಸ್ರಿ."

ಇಂಥ ವಿಷಯವನ್ನು ಗಂಡಸರ ಮುಂದೆ ಆಡಬಾರದೆಂದು ನಾನು ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಬುದ್ಧಿ ಹೇಳಿದೆ.

"ಹೆಂಗಸರ ಮುಂದ ಆಡಿದ್ರ ಧಾರವಾಡದ ಬಸ್ ಯಾರ್ ಹತ್ತಸ್ತಾರ್ರಿ?" ಎಂದಳು.

ಉತ್ತರ ಹುಡುಕಲು ನನಗೆ ಇನ್ನೂ ಮೂರು ತಿಂಗಳು ಹಿಡಿಯಿತು.

ಧಾರವಾಡದ ಡಾಕ್ಟರು ಹೆಂಗಸು, ನನ್ನ ಹಳೆಯ ವಿದ್ಯಾರ್ಥಿನಿಯರಷ್ಟು ವಯಸ್ಸು. ಯಾವಾಗಿನಿಂದ ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು ಕಾಗೆಯಿಂದ ಆರಂಭಿಸಿದೆ. ಅವರು ಪೆನ್ನು ಕೆಳಗಿಟ್ಟು ವೇಣುವಿನ ಕಡೆ ತಿರುಗಿದರು. ಅವಳು ನೆಲ ನೋಡುತ್ತ ಎಂಟು ತಿಂಗಳೆಂದಳು. ಪರೀಕ್ಷೆ ಮುಗಿಸಿ ಬಂದು ನನ್ನೊಬ್ಬನನ್ನೇ ಕೂಡಿಸಿಕೊಂಡು ಹೇಳಿದರು: "ಪೂರಾ ನಿಂತು ವರ್ಷ ಆದ ಮ್ಯಾಲೆ ಒಂದ ಹನಿ ಕಂಡ್ರೂ ಬರಬೇಕ್ರಿ. ನಿಲ್ಲದವರಿಗೂ ಅಷ್ಟ, ನಡುನಡುವ ಕಂಡ್ರ, ವಾರ ದಾಟಿದ್ರೂ ನಿಲ್ಲದಿದ್ರ, ತೋರಸಬೇಕು. ಭಾಳ ಸಲ ಏನೂ ಇರೂದಿಲ್ಲ. ಆದ್ರ ಏನೂ ಇಲ್ಲ ಅಂತ ನೋಡಿ ಹೇಳಬೇಕು, ಕೂತಲ್ಲೆ ಅಲ್ಲ. ಎಂಟು ತಿಂಗಳ ಏನ ಮಾಡಿದ್ರಿ?"

"ದಿನ ಎಣಿಸಿದ್ವಿ" ಎಂದೆ. ಅದು ನಿಜವಾಗಿತ್ತು.

ಗರ್ಭಕೋಶದ ಕ್ಯಾನ್ಸರು ಅಷ್ಟರಲ್ಲಿ ಮನೆಯೆಲ್ಲ ಓಡಾಡಿ ಮುಗಿಸಿತ್ತು. ಹಿಂದಿರುಗುವ ಬಸ್ಸಿನಲ್ಲಿ ವೇಣು ಕಿಟಕಿಯಾಚೆ ನೋಡುತ್ತ, "ಮೂಲ್ಯಾಗ ಕೂತಾಗ ಒಮ್ಮೆರೆ ಹತ್ರ ಬಂದು, ಯಾಕ ಅಂತ ಕೇಳಬೇಕಿತ್ರಿ" ಎಂದಳು. ಮತ್ತೆಂದೂ ಆ ಮಾತೆತ್ತಲಿಲ್ಲ. ಮುಂದಿನ ಬೇಸಿಗೆ ಅವಳಿಗೆ ಸಿಗಲಿಲ್ಲ.

ಹತ್ತನೆಯ ದಿನ ದಾಂಡೇಲಿಯ ಕಾಳಿ ದಂಡೆಯಲ್ಲಿ ಪಿಂಡವಿಟ್ಟು ಎಲ್ಲರೂ ದೂರ ಸರಿದು ನಿಂತೆವು. ಕಾಗೆ ತಡಮಾಡಲಿಲ್ಲ. "ಮುಟ್ಟಿತು, ಮುಟ್ಟಿತು" ಎಂದರು ಪುರೋಹಿತರು ಸಮಾಧಾನದಿಂದ; ಯಾವ ಆಸೆಯೂ ಉಳಿಯದ ಪುಣ್ಯವಂತೆ ಎಂದರು ಬಂಧುಗಳು. ನಮ್ಮ ಮನೆಯಲ್ಲಿ ಮೂವತ್ತು ವರ್ಷ ಸುಳ್ಳಾಗಿದ್ದ ಒಂದು ವಾಕ್ಯ ಅಂದು ಮೊದಲ ಬಾರಿಗೆ ನಿಜವಾಯಿತು.

ಇಂದು ಬೆಳಿಗ್ಗೆಯೂ ಗೋಡೆಯ ಮೇಲೆ ಅದು ಕೂತಿತ್ತು. ಜೂಲಿಯಾನಾ ಕಸಬರಿಗೆ ಎತ್ತಿ, "ಓಡಸ್ಲೇನ್ರಿ?" ಎಂದಳು. ಬೇಡ, ಅದರದೇನೂ ತಪ್ಪಿಲ್ಲ ಎಂದೆ. ಅವಳು ಕಸಬರಿಗೆ ಇಳಿಸಿ, ಕಾಗೆಯನ್ನಲ್ಲ, ನನ್ನನ್ನು ನೋಡಿದಳು.

"ಹೌದ್ರಿ, ಅದರೇನ್ ಮಾಡೀತು ಪಾಪ. ಸಾಲಿ ಕಲ್ತಿಲ್ಲ."