ಎಳ್ಳಮಾವಾಸ್ಯೆಯ ಕೂಗು

ಹೋದ ವರ್ಷದ ಎಳ್ಳಮಾವಾಸ್ಯೆ. ನಮ್ಮ ಮನೆ ಯಾದಗಿರಿಯಲ್ಲಿ, ಹೊಲ ಹತ್ತಿಕುಣಿಯ ಹಾದಿಯಲ್ಲಿ. ಮೂರು ವರ್ಷದಿಂದ ನಾನು ಆ ಹಬ್ಬಕ್ಕೆ ಹೊಲದ ಮುಖ ನೋಡಿರಲಿಲ್ಲ. ಕಾರಣ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನನ್ನಂಥವರು ಎಷ್ಟು ಮಂದಿ ಬಾಯಿ ಮುಚ್ಚಿಕೊಂಡು ಕೂತಿದ್ದಾರೋ.

ಎರಡನೆಯ ಹೆರಿಗೆಯ ನಂತರ ನನಗೆ ಕೆಮ್ಮಿದರೆ, ನಕ್ಕರೆ ಮೂತ್ರ ಸೋರುತ್ತಿತ್ತು. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿ, ಮೂತ್ರನಾಳದ ಕೆಳಗೆ ಬಲೆಯಂಥ ಸಣ್ಣ ಪಟ್ಟಿ ಕೂಡಿಸಿದರು. ಸೋರುವುದು ನಿಂತಿತು, ಬೇರೆ ಕಾಟ ಶುರುವಾಯಿತು. ಕೂತರೆ ಚುಚ್ಚುವ ನೋವು, ಉರಿ, ಮೇಲಿಂದ ಮೇಲೆ ಸೋಂಕು. ಎಷ್ಟು ತಿಣುಕಿದರೂ ಮೂತ್ರ ಪೂರ್ತಿ ಹೋಗುತ್ತಿರಲಿಲ್ಲ. ಕಲಬುರಗಿಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಪಟ್ಟಿ ಒಳಗೆ ಉಜ್ಜಿ ಗಾಯವಾಗಿದೆ, ತೆಗೆಯಬೇಕು ಎಂದರು. ತೆಗೆದರೆ ನೋವು ಇಳಿಯಬಹುದು, ಮೂತ್ರ ಸರಾಗವಾಗಬಹುದು, ಆದರೆ ಕೆಲವರಿಗೆ ಸೋರುವುದು ಮರಳಿ ಬರುತ್ತದೆ ಎಂದೂ ಬಿಚ್ಚಿ ಹೇಳಿದರು. ಅತ್ತ ದರಿ, ಇತ್ತ ಪುಲಿ. ತೆಗೆಸಿಯೇಬಿಟ್ಟೆ.

ಆಪರೇಷನ್ ಆದಮೇಲೆ ಮೂತ್ರಕ್ಕೆಂದು ಹಾಕಿದ್ದ ಪೈಪು ತೆಗೆದ ದಿನ ಮೂತ್ರ ತಿಣುಕದೆ, ತಾನಾಗಿಯೇ ಹೋಯಿತು. ಪಾಯಖಾನೆಯಲ್ಲೇ ಕೂತು ಅತ್ತುಬಿಟ್ಟೆ. ಇಂಥದ್ದಕ್ಕೂ ಅಳುತ್ತಾರೆಯೇ ಎಂದು ನೀವು ನಗಬಹುದು.

ನೋವು ಇಳಿಯಿತು, ಆದರೆ ಸೋರುವುದು ಸ್ವಲ್ಪ ಮರಳಿತು. ಒಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಮಾಡು, ಕಡಿಮೆಯಾಗುತ್ತದೆ ಎಂದರು ಡಾಕ್ಟರಮ್ಮ. ಮಾಡುತ್ತಿದ್ದೆ. ಅದರ ಮೇಲೆ ನನ್ನದೊಂದು ಜಾಣತನ: ನೀರು ಕುಡಿಯುವುದನ್ನೇ ಬಿಟ್ಟೆ, ನಗುವುದನ್ನೂ ಬಿಟ್ಟೆ.

ಹಬ್ಬದ ದಿನ ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಯ ಕಟ್ಟಿಕೊಟ್ಟು, ನಾನು ಬರುವುದಿಲ್ಲ ಎಂದೆ. ಅತ್ತೆ ಕೇಳದೆ ಟ್ರ್ಯಾಕ್ಟರ್ ಹತ್ತಿಸಿದರು. ಹೊಲದಲ್ಲಿ ಪೂಜೆಯಾದ ಮೇಲೆ ಚರಗ ಚೆಲ್ಲಬೇಕು. ನಮ್ಮ ಮನೆಯ ಪದ್ಧತಿಯಲ್ಲಿ ಗಂಡಸರು ಬೆಳೆಯ ಸುತ್ತ ಅಡುಗೆ ಚೆಲ್ಲುತ್ತಾ ಮುಂದೆ ನಡೆಯುತ್ತಾರೆ. ಹಿರಿಸೊಸೆ ಹಿಂದಿನಿಂದ ನೀರು ಚಿಮುಕಿಸುತ್ತಾ, ಬೆಳೆ ಚೆನ್ನಾಗಿ ಬರಲೆಂದು ಹೊಲಕ್ಕೆಲ್ಲ ಕೇಳುವಂತೆ ಕೂಗು ಹಾಕಬೇಕು. ಮೂರು ವರ್ಷ ನನ್ನ ಬದಲಿಗೆ ಅತ್ತೆಯೇ ಕೂಗಿದ್ದರು. ಈ ಸಲ ತಂಬಿಗೆಯನ್ನು ನನ್ನ ಕೈಗಿಟ್ಟರು. ಕೆಮ್ಮಿಗೇ ಹೆದರುವವಳು ಕೂಗುವುದೆಲ್ಲಿ ಬಂತು? ಇಷ್ಟು ಮಂದಿಯ ನಡುವೆ ಸೀರೆ ಒದ್ದೆಯಾದರೆ ಹೇಗೆ ಎಂದು ಅವರ ಕಿವಿಯಲ್ಲಿ ಹೇಳಿದೆ.

"ಇವತ್ತ ಭೂಮಿತಾಯಿಗಿ ಸೀಮಂತ ಐತವ್ವ," ಎಂದರು ಅತ್ತೆ. "ನಾವು ಬಸುರಿಗಿ ಉಣಸಾಕ ಬಂದೀವಿ. ಆಕಿಗಿ ಹೆಣ್ಣಿನ ಸಂಕಟ ಗೊತ್ತಿಲ್ಲೇನು? ಹಸಿ ಆದ್ರ ಆಗ್ಲಿ, ಕೂಗು. ನಾ ನಿನ್ನ ಹಿಂದೇ ಬರ್ತೀನಿ."

ಮೊದಲ ಕೂಗು ಗಂಟಲು ದಾಟಲಿಲ್ಲ. ಎರಡನೆಯದು ಗಂಡನಿಗೆ ಕೇಳಿತು. ಮೂರನೆಯದಕ್ಕೆ ಪಕ್ಕದ ಹೊಲದವರೇ ಮರುಕೂಗು ಹಾಕಿದರು. ಒಂದೆರಡು ಹನಿ ಜಾರಿದ್ದು ನಿಜ, ಅಷ್ಟೇ. ಆ ಖುಷಿಗೆ ಸುತ್ತು ಪೂರ್ತಿ ಕೂಗಿಕೊಂಡೇ ಬಂದೆ. ಆಮೇಲೆ ಅಂಬಲಿಯನ್ನು ಗಟಗಟ ಕುಡಿದೆ.

ವಾಪಸು ಬರುವಾಗ ಟ್ರ್ಯಾಕ್ಟರ್ ಸದ್ದಿನಲ್ಲಿ ಅತ್ತೆ ನನ್ನ ಹತ್ತಿರ ಸರಿದು, "ನನಗೂ ಸೋರತದವ್ವ, ನಿನ್ನ ಗಂಡನ್ನ ಹಡದಾಗಿಂದ," ಎಂದರು. "ಯಾರ ಮುಂದ ಹೇಳ್ಲಿ?"

ನಾನು ಅವರ ಕೈ ಹಿಡಿದುಕೊಂಡೆ, ಮನೆ ಬರುವವರೆಗೂ ಬಿಡಲಿಲ್ಲ. ಮುಂದಿನ ಸಲ ಡಾಕ್ಟರಮ್ಮನ ಬಳಿ ಇಬ್ಬರೂ ಹೋದೆವು. ಈಗ ದಿನಾ ಬೆಳಗ್ಗೆ ಇಬ್ಬರದೂ ಒಟ್ಟಿಗೇ ವ್ಯಾಯಾಮ. ನನಗೆ ಬಹಳ ಕಡಿಮೆಯಾಗಿದೆ, ಅವರಿಗೂ ಆಗುತ್ತಿದೆ. ಎಣಿಸಲು ಕೂತ ಅತ್ತೆ ಬೇಕೆಂದೇ ಲೆಕ್ಕ ತಪ್ಪಿಸಿ ನಗಿಸುತ್ತಾರೆ, ನಾನು ಮನಸಾರೆ ನಗುತ್ತೇನೆ.